ಬದಲಾದ ರೊಟ್ಟಿ

ಫೆಸ್ ಪಟ್ಟಣದ ನಮ್ಮ ಓಣಿಯವರೆಲ್ಲ ಮನೆಯಲ್ಲಿ ಹಿಟ್ಟು ನಾದಿ, ತಮ್ಮ ತಮ್ಮ ಮನೆಯ ಗುರುತು ಒತ್ತಿದ ರೊಟ್ಟಿ ಬೇಯಿಸಿಕೊಳ್ಳುವುದು ಒಂದೇ ಭಟ್ಟಿಯಲ್ಲಿ. ಇಂದು ಸರದಿಯಲ್ಲಿ ನನ್ನ ಮುಂದಿದ್ದ ಝೋರ್, ನೆರೆಮನೆಯ ಮುದುಕಿ ಲಲ್ಲಾ ಬತೂಲರತ್ತ ತಿರುಗಿದಳು.

“ನಿನ್ನೆ ನಿಮ್ಮ ರೊಟ್ಟಿ ನಮ್ಮನೆಗೆ ಬಂದಿತ್ತು, ಲಲ್ಲಾ.”

“ನಿನ್ನದು ಬಾಯಿಗಿಟ್ಟಾಗಲೇ ಗೊತ್ತಾಯ್ತು ಬಿಡು. ವಾಪಸ್ ಯಾಕೆ ತರ್ಲಿಲ್ಲ?”

“ಮಾವ ಬಿಡ್ಬೇಕಲ್ಲ. ಇದು ನಿಮ್ಮತ್ತೆ ಕೈರುಚಿ ಅಂತ ತಟ್ಟೆ ಪೂರ್ತಿ ತಮ್ಮ ಕಡೆ ಎಳ್ಕೊಂಡ್ರು. ಅತ್ತೆ ಹೋದ್ಮೇಲೆ ನಾನು ಹಾಕೋದು ಅಂಗಡಿ ಈಸ್ಟು.”

“ಮುದುಕನ ಬಾಯಿರುಚಿ ಇನ್ನೂ ಕೆಟ್ಟಿಲ್ಲ. ನನ್ನ ಹುಳಿಹಿಟ್ಟು ನಿಮ್ಮತ್ತೆ ಕೊಟ್ಟಿದ್ದೇ. ನಾನು ಮದುವೆಯಾಗಿ ಬಂದಾಗ ಕೊಟ್ಲು. ದಿನಾ ಒಂದು ಉಂಡೆ ಎತ್ತಿಟ್ಟು ಅದನ್ನೇ ಬೆಳೆಸ್ತಾ ಬಂದಿದೀನಿ.”

ಝೋರ್ ತನ್ನ ಹಲಗೆಯ ಮೇಲಿದ್ದ ಹಸಿ ರೊಟ್ಟಿಗಳತ್ತ ನೋಡಿದಳು.

“ಸಂಜೆ ಹುಳಿಹಿಟ್ಟಿಗೆ ಬಟ್ಟಲು ತಗೊಂಡು ಬಾ ಮಗಳೇ. ಇವತ್ತು ಮಾತ್ರ ಗುರುತು ನೋಡಿ ರೊಟ್ಟಿ ಒಯ್ಯಿ. ನಾಳೆಯಿಂದ ಯಾರದು ಯಾರಿಗೆ ಬಂದ್ರೂ ನಡೆಯುತ್ತೆ.”

ಲಲ್ಲಾ ಬತೂಲ್ ತಮ್ಮ ರೊಟ್ಟಿಯ ಹಲಗೆಯನ್ನು ಭಟ್ಟಿಯವನ ಕೈಗಿತ್ತು ಹೊರಟರು.