ಬಿಡುಗಡೆಯಾದ ಮೇಲೆ

ತಾಯಂದಿರೇ, ಅಣ್ಣಂದಿರೇ, ಒಂದೂರಲ್ಲಿ ಒಬ್ಬ ಸ್ಥಿತಿವಂತನಿದ್ದ. ಕೊಟ್ರಪ್ಪ ಅಂತ ಹೆಸರು, ಮಂಡಕ್ಕಿ ಭಟ್ಟಿಯ ಸಾಹುಕಾರ. ಎದುರು ಮನೆಯ ಮುರಿಗೆಪ್ಪ ಅವನ ಬಾಲ್ಯದ ಗೆಳೆಯ. ಒಂದೇ ತಟ್ಟೆಯಲ್ಲಿ ಉಂಡವರು. ಭಟ್ಟಿಯ ಹೊಗೆ ಮುರಿಗೆಪ್ಪನ ಮನೆಗೆ ನುಗ್ಗುತ್ತಿತ್ತು. ಅವನ ಮುದಿ ತಾಯಿಗೆ ದಮ್ಮಿನ ಕಾಯಿಲೆ. ಚಿಮಣಿ ಎತ್ತರಿಸಪ್ಪಾ ಎಂದು ಕೇಳಿದ. ಇವನು ಆಗಲಿ ಅಂದ, ಎತ್ತರಿಸಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಮಾತೇ ನಿಂತುಹೋಯಿತು. ಎಷ್ಟು ದಿನ? ಮೂರು ವರ್ಷ. ನೋಡಿ, ಮೂರು ವರ್ಷ ಎದುರುಬದುರು ಬಾಗಿಲು, ಒಂದು ಮಾತಿಲ್ಲ.

ಆ ತಾಯಿ ತೀರಿಕೊಂಡಳು. ಕೊಟ್ರಪ್ಪ ಮಣ್ಣಿಗೂ ಹೋಗಲಿಲ್ಲ. ಹೋಗಬೇಕೆಂದು ಅಂಗಿ ತೊಟ್ಟಿದ್ದ. ಯಾರಾದರೂ ಏನಾದರೂ ಅಂದರೆ ಎಂದು ಅಂಜಿ ಕುಳಿತುಬಿಟ್ಟ.

ಐದನೆಯ ದಿನ ಮಧ್ಯಾಹ್ನ ಮುರಿಗೆಪ್ಪ ಕಬ್ಬಿಣದ ಸಲಾಕೆ ಹಿಡಿದು ಭಟ್ಟಿಗೆ ನುಗ್ಗಿದ. ಮೊದಲ ಏಟಿಗೇ ಕೊಟ್ರಪ್ಪನ ಹೆಗಲು ಮುರಿಯಿತು. ಹಿಂದೆ ಉರಿಯುವ ಒಲೆ, ಮುಂದೆ ಸಲಾಕೆ. ಎಲ್ಲಿಗೆ ಓಡಬೇಕು? ಯಾರನ್ನು ಕೂಗಬೇಕು? ಸಲಾಕೆ ಮತ್ತೆ ತಲೆಯ ಮೇಲೆ ಎದ್ದಾಗ ಇನ್ನೊಂದು ಕೈಗೆ ಸಿಕ್ಕ ಸೌದೆಯನ್ನು ಬೀಸಿದ. ಒಂದೇ ಏಟು. ಮುರಿಗೆಪ್ಪ ಬಿದ್ದ. ಬಿದ್ದವನ ಮೇಲೆ ಇವನು ಕೈಯೆತ್ತಲಿಲ್ಲ; ಆಟೋದವನನ್ನು ಕರೆದು ಎತ್ತಿಸಿ, ತಾನೇ ಜೊತೆಗೆ ಕುಳಿತು ಆಸ್ಪತ್ರೆಗೆ ಒಯ್ದ. ಮೂರನೆಯ ದಿನ ಮುರಿಗೆಪ್ಪನ ಜೀವ ಹೋಯಿತು.

ಕೇಸು ನಡೆಯಿತು. ನ್ಯಾಯಾಧೀಶರು ಹೇಳಿದರು: ಪ್ರಾಣಕ್ಕೆ ಅಪಾಯ ಬಂದಿತ್ತು, ರಕ್ಷಣೆ ಕೇಳಲು ಸಮಯವಿರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಬಲ ಬಳಸಿಲ್ಲ, ಬಿದ್ದವನನ್ನು ಮತ್ತೆ ಹೊಡೆದಿದ್ದರೆ ಅದು ರಕ್ಷಣೆಯಲ್ಲ, ಸೇಡು. ಬಿಡುಗಡೆ ಮಾಡಿದರು. ನೆಂಟರು ಪೇಡೆ ತಂದರು. ಕೊಟ್ರಪ್ಪ ಅದನ್ನು ಮುಟ್ಟಲಿಲ್ಲ. ಎದ್ದು, ರಸ್ತೆ ದಾಟಿ, ಮುರಿಗೆಪ್ಪನ ಹೆಂಡತಿಯ ಮುಂದೆ ಹೋಗಿ ನಿಂತ.

ಆಕೆ ಬಯ್ಯಲಿಲ್ಲ, ಅಳಲೂ ಇಲ್ಲ. ಇಷ್ಟೇ ಅಂದಳು: "ಕೋರ್ಟು ಹೇಳಿದ್ದು ಸರಿ ಐತಿ ಅಣ್ಣಾ. ಅವತ್ತು ನೀವು ಹೊಡೀಲಿಲ್ಲ ಅಂದಿದ್ರೆ ನಿಮ್ಮ ಹೆಂಡ್ತಿ ಹಿಂಗೆ ಕುಂತಿರೋಳು. ಆದ್ರೆ ಹತ್ತು ಹೆಜ್ಜೆ ದಾರಿ, ಅತ್ತೆ ಸತ್ತ ದಿನ ಯಾಕ್ ಬರ್ಲಿಲ್ಲ? ಬಂದಿದ್ರೆ ಅವ್ರು ನಿಮ್ಮನ್ನ ತಬ್ಕೊಂಡು ಅಳೋರು. ಸಲಾಕಿ ಹಿಡೀತಿರ್ಲಿಲ್ಲ."

ನೀವಾದರೆ ಏನೆನ್ನುತ್ತಿದ್ದಿರಿ?

ನೋಡಿ, ಹೊಡೆಯಲು ಬಂದವನನ್ನು ತಡೆಯುವ ಹಕ್ಕನ್ನು ಕಾನೂನು ಕೊಟ್ಟಿದೆ. ಕೊಡಲೇಬೇಕು. ಆದರೆ ಕಾನೂನು ತೂಗುವುದು ಆ ಒಂದು ಗಳಿಗೆಯನ್ನು. ಅದರ ಹಿಂದಿನ ಮೂರು ವರ್ಷವನ್ನು ತೂಗುವವರು ಯಾರು? ನೀವೇ ತೂಗಬೇಕು. ನಿಮ್ಮ ಮನೆಯ ಚರಂಡಿ ಯಾರ ಅಂಗಳಕ್ಕೆ ಹರಿಯುತ್ತಿದೆ, ಇವತ್ತೇ ನೋಡಿ, ಇವತ್ತೇ ತಿರುಗಿಸಿ. ಯಾರ ಮನೆಯ ಸಾವಿಗೆ ನೀವು ಹೋಗಲಿಲ್ಲವೋ ಅವರ ಬಾಗಿಲಿಗೆ ಹೋಗಿ, ನನ್ನದು ತಪ್ಪಾಯಿತು ಅನ್ನಿ. ಅವರು ಮುಖ ತಿರುಗಿಸಿದರೆ ನಾಳೆ ಮತ್ತೆ ಹೋಗಿ. ಅವರು ಬದುಕಿರುವಾಗಲೇ ಹೋಗಿ.