ಬೋರ್ಡಿಲ್ಲದ ಹೆದ್ದಾರಿಗೆ ಬೋರ್ಡು ಬರೆದವನ ಹೇಳಿಕೆ

ಎಲ್ಲರೂ ಬೋರ್ಡಣ್ಣ ಎಂದು ಕರೆಯುವ ನಾನು, ವಯಸ್ಸು 46, ಉದ್ಯೋಗ ಬೋರ್ಡು ಬರೆಯುವುದು, ವಾಸ ಹಳೇ ಸೇತುವೆಯಿಂದ ಎರಡನೇ ಮನೆ, ಠಾಣೆಗೆ ಕರೆಸಿದ ಮೇರೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಗೂಡ್ಸ್ ಯಾರ್ಡಿನ ಗೇಟಿನಿಂದ ಹೊರಟು, ರೈಲ್ವೆ ಕೆಳಸೇತುವೆ ದಾಟಿ, ಆಸ್ಪತ್ರೆಯ ಮುಂದೆ ಹಾದು, ಹಳೇ ಸೇತುವೆಯಲ್ಲಿ ಮುಗಿಯುವ ರಸ್ತೆಯ ಉದ್ದ 2.4 ಕಿ.ಮೀ. ಲೋಕೋಪಯೋಗಿ ಇಲಾಖೆಯ ಕಡತದಲ್ಲಿ ಇದು ಹೆದ್ದಾರಿ 112. ರಸ್ತೆಯ ಮೇಲೆ ಮಾತ್ರ ಹಾಗೆಂದು ಎಲ್ಲೂ ಬರೆದಿರಲಿಲ್ಲ. 44 ವರ್ಷದ ಹಿಂದೆ ಇದಕ್ಕೆ ಡಾಂಬರು ಹಾಕಿದ ತಂಡದಲ್ಲಿ ನನ್ನ ತಾಯಿ ಜಲ್ಲಿ ಹೊತ್ತಿದ್ದಾರೆ. ಬೋರ್ಡು ಯಾವಾಗ ಎಂದು ತಂಡದವರು ಕೇಳಿದ್ದಕ್ಕೆ, ಅದನ್ನು ಓದಿ ಮುಗಿಸುವಷ್ಟರಲ್ಲಿ ರಸ್ತೆಯೇ ಮುಗಿದುಹೋಗುತ್ತದೆ ಎಂದು ಆಗಿನ ಎಂಜಿನಿಯರ್ ನಕ್ಕರಂತೆ. ನಮ್ಮ ತಾಯಿಗೆ ಆ ನಗು ಇವತ್ತಿಗೂ ಜೀರ್ಣವಾಗಿಲ್ಲ.

ನಾನು 22 ವರ್ಷಗಳಿಂದ ಇದೇ ಇಲಾಖೆಗೆ ಗುತ್ತಿಗೆಯಲ್ಲಿ ಬೋರ್ಡು ಬರೆಯುತ್ತಿದ್ದೇನೆ. ಸುತ್ತಲಿನ ಎಲ್ಲ ಹೆದ್ದಾರಿಗಳ ನಂಬರೂ ನನ್ನ ಕೈಬರಹ. ಇದೊಂದಕ್ಕೆ ಆದೇಶ ಬರಲೇ ಇಲ್ಲ. ಕಳೆದ ಭಾನುವಾರ ಬೆಳಿಗ್ಗೆ 7 ಗಂಟೆಗೆ ನನ್ನ ಸ್ವಂತ ತಗಡಿನಲ್ಲಿ "ಹೆದ್ದಾರಿ 112" ಎಂದು ಬರೆದ ಬೋರ್ಡನ್ನು ಆಸ್ಪತ್ರೆಯ ಎದುರು ನೆಟ್ಟೆ. ಕಂಬ ಸೊಟ್ಟಗಿದೆ ಎಂದು ತಾಯಿ ಎರಡು ಸಲ ಕೀಳಿಸಿ ನೆಡಿಸಿದರು. ಬಳಿಕ ಹೊತ್ತೇರುವವರೆಗೂ ಅಲ್ಲೇ ನಿಂತು, ಹೋಗಿ ಬರುವವರನ್ನೆಲ್ಲ ಕರೆದು ತೋರಿಸಿದರು.

ಮಂಗಳವಾರ ಇಲಾಖೆಯವರು ಬೋರ್ಡು ಕಿತ್ತು ಠಾಣೆಗೆ ತಂದು, ಅಪರಿಚಿತರು ಹಾಕಿದ್ದಾರೆಂದು ದೂರು ಕೊಟ್ಟಿರುತ್ತಾರೆ. ಅಕ್ಷರದ ಗುರುತಿನ ಮೇಲೆ ಇಂದು ನನ್ನನ್ನು ಕರೆಸಲಾಯಿತು. ಒಪ್ಪಿಕೊಂಡರೆ ಗುತ್ತಿಗೆ ಕೈತಪ್ಪುತ್ತದೆ ಎಂದು ಮುಖ್ಯಪೇದೆಯವರು ಒಳ್ಳೆಯ ಮನಸ್ಸಿನಿಂದಲೇ ಎಚ್ಚರಿಸಿದರು. "ಗೊತ್ತಿಲ್ಲ ಅಂದ್ಬಿಡಪ್ಪ, ನಾವೂ ಫೈಲು ಮುಚ್ತೀವಿ" ಎಂದರು. ನಮ್ಮ ಮನೆ ನಡೆಯುವುದೇ ಆ ಗುತ್ತಿಗೆಯಿಂದ. ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೋಡೆಗೆ ಒರಗಿಸಿದ್ದ ಬೋರ್ಡು ಕಣ್ಣಿಗೆ ಬಿತ್ತು. ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಬರೆದಿಲ್ಲ. ಬರೆದವನೂ ನಾನೇ, ನೆಟ್ಟವನೂ ನಾನೇ ಎಂದೆ.

ನನ್ನ ಜೊತೆ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದ ತಾಯಿ ಎದ್ದು ಬಂದು, "ಬೋರ್ಡು ಬೇಕಾದ್ರೆ ಇಟ್ಕೊಳ್ಳಿ ಸಾರ್. ರಸ್ತೆ ಹಾಕಿದ್ದು ಯಾರು ಅಂತಾನೂ ಬರ್ಕೊಳ್ಳಿ" ಎಂದರು. ಅದನ್ನೂ ಸೇರಿಸಬೇಕಾಗಿ ಕೋರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ, ಪೂರ್ತಿ ನಿಜವಿದೆ. ಕೊನೆಯಲ್ಲಿದ್ದ "ತಪ್ಪಾಯಿತು" ಎಂಬ ಮಾತು ನಾನು ಹೇಳಿದ್ದಲ್ಲವಾದ್ದರಿಂದ ಹೊಡೆದು ಹಾಕಿಸಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಗುರುವಾರ
ಸಹಿ: ಬೋರ್ಡಣ್ಣ
ಸಾಕ್ಷಿ (ಹೆಬ್ಬೆಟ್ಟು): ಇವರ ತಾಯಿ, ವಯಸ್ಸು 72, ಹೆದ್ದಾರಿ 112 ಹಾಕಿದವರು