ಊಟದ ಹೊತ್ತಿನ ಕಥೆ

ಮಗಳ ಜ್ವರಕ್ಕೆ ಔಷಧಿ ತರಲು ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ಇದ್ದರು.

“ಮೊಮ್ಮಗಳ ಊಟದ ಹೊತ್ತಾಯ್ತು. ಫೋನಲ್ಲಿ ಕಥೆ ಹೇಳಲ್ವೇನೇ?”

“ಬೇಡ್ವಂತೆ. ಹೇಳಿದ್ದನ್ನೆಲ್ಲ ಸೊಸೆ ರೆಕಾರ್ಡ್ ಮಾಡಿಟ್ಕೊಂಡಿದಾಳೆ. ಅದನ್ನೇ ಹಾಕಿ ಉಣ್ಣಿಸ್ತಾಳೆ.”

“ಜಾಣೆ. ನಿನಗೂ ಬಿಡುವಾಯ್ತು ಬಿಡು.”

“ಸುಡ್ಲಿ ಆ ಬಿಡುವು. ನಿನ್ನೆ ತಡೀಲಾರದೆ ನಾನೇ ಫೋನ್ ಮಾಡ್ದೆ.”

“ಮಗು ಏನಂತು?”

“‘ಸುಮ್ನಿರು, ಅಜ್ಜಿ ಕಥೆ ಹೇಳ್ತಿದಾಳೆ’ ಅಂತ ನನ್ನೇ ಗದರಿಸ್ತು.”

ಗಂಡ ನಗಲು ಹೋಗಿ, ಆಕೆಯ ಮುಖ ನೋಡಿ ನಗು ತಡೆದುಕೊಂಡರು.

“ಹಳೇವು ಸಾಕಾಯ್ತಂತೆ. ಹೊಸ ಕಥೆ ರೆಕಾರ್ಡ್ ಮಾಡಿ ಕಳಿಸಿ ಅಂದಿದಾಳೆ ಸೊಸೆ.”

“ಕಳಿಸ್ಬೇಡ. ಆಗ ತಾನಾಗೇ ಫೋನ್ ಮಾಡ್ತಾಳೆ.”

“ಅಲ್ಲೀತನಕ ಮಗು ಉಪವಾಸ ಇರ್ಬೇಕಾ?”

ಅಷ್ಟರಲ್ಲಿ ಅವರ ಸರದಿ ಬಂತು.

“ದನಿ ಒಡೆದಿದೆ, ಗಂಟಲಿಗೆ ಮಾತ್ರೆ ಕೊಡಪ್ಪ” ಎಂದರು ಆಕೆ. ಒಂದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಮೆಟ್ಟಿಲಿಳಿದರು.